ಅಂಧರ ಬಾಳಿಗೆ ಆಸರೆಯಾದ ಗಾನಯೋಗಿ ಪಂಚಾಕ್ಷರ ಗವಾಯಿಗಳು

ಸಿಂದಗಿ, ಇಂಡಿ ಸೀಮೆಯ ಹಳ್ಳಿಗಳಲ್ಲಿ ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ, ತಬಲಾ ಹಿಡಿದು ಬರುವ ಅಂಧ ಕಲಾವಿದರಲ್ಲಿ ಅನೇಕರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಆ ಆಶ್ರಮವನ್ನು ಕಟ್ಟಿದವರು ಸ್ವತಃ ಹುಟ್ಟು ಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು.

1892ರಲ್ಲಿ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿಗೆ ಭಿಕ್ಷೆ ಬಿಟ್ಟರೆ ಬೇರೆ ದಾರಿ ಕಾಣುವುದು ಅಪರೂಪ. ಹುಡುಗರ ಕಂಠವನ್ನು ಗುರುತಿಸಿದ ಹಾನಗಲ್ ಕುಮಾರಸ್ವಾಮಿಗಳು ಅವರನ್ನು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು.

ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಬಳಿಕ ನೀಲಕಂಠ ಬುವಾ ಮತ್ತು ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಎರಡೂ ಪದ್ಧತಿ ಬಲ್ಲ ಗಾಯಕರಿಗೆ ಹೆಸರು, ಹಣ ಎರಡೂ ಸುಲಭವಾಗಿತ್ತು. ಆದರೆ ಅವರು ಬ್ರಹ್ಮಚಾರಿಯಾಗಿಯೇ ಉಳಿದು, ಅಂಧ ಹಾಗೂ ಅನಾಥ ಮಕ್ಕಳನ್ನು ಜಾತಿ ಕೇಳದೆ ಜೊತೆಗೆ ಸೇರಿಸಿಕೊಂಡರು.

ಪಾಠಶಾಲೆಗೆ ಮೊದಲು ಸ್ವಂತ ನೆಲೆ ಇರಲಿಲ್ಲ. ಗುರುಗಳು ಊರಿಂದ ಊರಿಗೆ ಹೋದಂತೆ ಶಾಲೆಯೂ ಸಂಚರಿಸುತ್ತಿತ್ತು. ಮಕ್ಕಳ ಊಟಕ್ಕಾಗಿ ಭಿಕ್ಷೆ ಬೇಡಿದರು, ಕಚೇರಿ ಮಾಡಿದರು, ನಾಟಕ ಕಂಪನಿಯನ್ನೂ ನಡೆಸಿದರು. ಪಾಠ ಬಾಯಿಂದ ಬಾಯಿಗೆ: ಗುರು ಹಾಡಿದ್ದನ್ನು ಶಿಷ್ಯ ಹಾಡಬೇಕು, ತಬಲಾದ ಬೋಲುಗಳನ್ನು ಮೊದಲು ನುಡಿದು ಆಮೇಲೆ ನುಡಿಸಬೇಕು. ಈ ಕಲಿಕೆಗೆ ಕಣ್ಣಿಲ್ಲದಿರುವುದು ಅಡ್ಡಿಯಾಗಲಿಲ್ಲ. ಕಲಿತವರು ಕೀರ್ತನೆ, ಪಾಠ, ಸಾಥಿಗಳಿಂದ ತಮ್ಮ ಅನ್ನ ತಾವೇ ದುಡಿದುಕೊಳ್ಳುವಂತಾದರು.

1942ರಲ್ಲಿ ಬಸರಿಗಿಡದ ವೀರಪ್ಪನವರ ನೆರವಿನಿಂದ ಗದಗಿನಲ್ಲಿ ಆಶ್ರಮ ನೆಲೆ ನಿಂತಿತು. ಎರಡೇ ವರ್ಷದಲ್ಲಿ, 1944ರಲ್ಲಿ, ಗವಾಯಿಗಳು ಲಿಂಗೈಕ್ಯರಾದರು. ಆಗ ಅವರಿಗೆ 52 ವರ್ಷ. ಅಂಧ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತು, 2010ರವರೆಗೆ ಆಶ್ರಮವನ್ನು ಬೆಳೆಸಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡರೂ ಪಂಚಾಕ್ಷರ ಗವಾಯಿಗಳ ಶಿಷ್ಯರೇ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ಬಲ್ಲ ನಮ್ಮ ಸಮಾಜಕ್ಕೆ ಈ ಜೀವನ ಅಪರಿಚಿತವೆನಿಸದು. ಅನ್ನ ಒಂದು ದಿನದ ಹಸಿವನ್ನು ನೀಗಿಸುತ್ತದೆ. ಗವಾಯಿಗಳು ಅನ್ನದ ಜೊತೆಗೆ ವಿದ್ಯೆಯನ್ನೂ ಕೊಟ್ಟು, ನಾಳೆ ಕೈಚಾಚಬೇಕಾದ ಸ್ಥಿತಿಯನ್ನೇ ತಪ್ಪಿಸಿದರು.