ಶ್ರೀಮದ್ ರಾಜಚಂದ್ರರು: ನೀತಿಯ ಬೇರನ್ನು ಆತ್ಮದಲ್ಲಿ ಕಂಡ ಗೃಹಸ್ಥ ಜ್ಞಾನಿ

ಗುಜರಾತಿನ ಸೌರಾಷ್ಟ್ರದಲ್ಲಿ ಮೋರ್ಬಿಯ ಸಮೀಪ ವವಾಣಿಯಾ ಎಂಬ ಸಣ್ಣ ಊರಿದೆ. ಅಲ್ಲಿ 1867ರ ನವೆಂಬರ್ 9ರಂದು, ಕಾರ್ತಿಕ ಪೂರ್ಣಿಮೆಯ ದಿನ, ರವಜಿಭಾಯಿ ಮೆಹತಾ ಮತ್ತು ದೇವಬಾ ದಂಪತಿಗಳಿಗೆ ಗಂಡುಮಗು ಜನಿಸಿತು. ಮುಂದೆ ಶ್ರೀಮದ್ ರಾಜಚಂದ್ರರೆಂದು ಪ್ರಸಿದ್ಧರಾದವರು, ಮಹಾತ್ಮ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ರಾಯಚಂದಭಾಯಿ ಎಂದು ಆದರದಿಂದ ನೆನೆದವರು ಇವರೇ.

ಮನೆಯಲ್ಲಿ ಎರಡು ಸಂಸ್ಕಾರಗಳಿದ್ದವು. ತಂದೆಯ ಕಡೆಯವರು ವೈಷ್ಣವರು, ತಾತ ಕೃಷ್ಣಭಕ್ತ. ತಾಯಿ ಜೈನ ಮನೆತನದಿಂದ ಬಂದವರು. ಬಾಲಕ ಕೊರಳಿಗೆ ಕಂಠಿ ಕಟ್ಟಿಸಿಕೊಂಡು ಕೃಷ್ಣನ ಪದಗಳನ್ನು ಕೇಳಿ ಬೆಳೆದ. ಜಗತ್ತನ್ನು ಸೃಷ್ಟಿಸಿದ ಒಬ್ಬ ಕರ್ತನಿದ್ದಾನೆಂದು ಆಗ ಅವನಿಗೆ ದೃಢವಾದ ನಂಬಿಕೆಯಿತ್ತು. ಊರಿನ ಜೈನ ವರ್ತಕರು ಅದನ್ನು ಅಲ್ಲಗಳೆದರೆ ಅವರೊಡನೆ ವಾದಕ್ಕಿಳಿಯುತ್ತಿದ್ದ. ಅವನ ಮನಸ್ಸು ತಿರುಗಿದ್ದು ಆ ವಾದಗಳಿಂದಲ್ಲ. ಕೈಗೆ ಸಿಕ್ಕ ಪ್ರತಿಕ್ರಮಣ ಸೂತ್ರದ ಪುಸ್ತಕಗಳಲ್ಲಿ, ಸಮಸ್ತ ಜೀವಿಗಳಲ್ಲೂ ಮೈತ್ರಿಯನ್ನು ಬಯಸಿ ಕ್ಷಮೆ ಯಾಚಿಸುವ ವಿನಯ ಅವನಿಗೆ ಹಿಡಿಸಿತು. ನಮ್ಮ ಮನೆಗಳಲ್ಲಿ ಪ್ರತಿಕ್ರಮಣ ಎಷ್ಟೋ ವೇಳೆ ಬಾಯಿಪಾಠವಾಗಿ ಮುಗಿದುಹೋಗುತ್ತದೆ; ಈ ಬಾಲಕ ಅದರ ಅರ್ಥವನ್ನು ಹಿಡಿದುಕೊಂಡ.

ಅದಕ್ಕೂ ಮೊದಲು, ಏಳನೆಯ ವಯಸ್ಸಿನಲ್ಲಿ, ಒಂದು ಘಟನೆ ನಡೆದಿತ್ತು. ಇವನನ್ನು ಪ್ರೀತಿಯಿಂದ ಕಾಣುತ್ತಿದ್ದ ಅಮೀಚಂದ ಎಂಬ ಗೃಹಸ್ಥರು ಹಾವು ಕಚ್ಚಿ ತೀರಿಕೊಂಡರು. ಸಾವು ಎಂದರೇನು ಎಂದು ತಾತನನ್ನು ಕೇಳಿದರೆ ತೃಪ್ತಿಯ ಉತ್ತರ ಸಿಗಲಿಲ್ಲ. ಹುಡುಗ ಯಾರಿಗೂ ತಿಳಿಯದಂತೆ ಕೆರೆಯ ಕಡೆ ಹೋಗಿ, ಜಾಲಿಮರ ಹತ್ತಿ, ಉರಿಯುವ ಚಿತೆಯನ್ನು ನೋಡಿದ. ಅಷ್ಟು ಒಳ್ಳೆಯ ಮನುಷ್ಯನನ್ನು ಜನ ಹೀಗೆ ಸುಡುವುದು ಎಂಥ ಕ್ರೌರ್ಯ, ಹಾಗಾದರೆ ಹೊರಟುಹೋದದ್ದು ಏನು ಎಂಬ ಚಿಂತನೆಯಲ್ಲಿ ಮುಳುಗಿದಾಗ ಅವನಿಗೆ ಜಾತಿಸ್ಮರಣ ಉಂಟಾಯಿತೆಂದು ಚರಿತ್ರೆ ಹೇಳುತ್ತದೆ.

ಹದಿಮೂರರ ಪ್ರಾಯದಿಂದ ತಂದೆಯ ಅಂಗಡಿಯಲ್ಲಿ ಕುಳಿತರು. ಆ ದಿನಗಳ ಬಗ್ಗೆ ಅವರೇ ಮುಂದೆ ಬರೆದಿಟ್ಟಿದ್ದಾರೆ: ಯಾರಿಗೂ ಹೆಚ್ಚು ಕಡಿಮೆ ಬೆಲೆ ಹೇಳಲಿಲ್ಲ, ಹೆಚ್ಚು ಕಡಿಮೆ ತೂಗಿಕೊಡಲಿಲ್ಲ. ಹದಿನಾರು ದಾಟಿದಾಗ 108 ಪಾಠಗಳ ಮೋಕ್ಷಮಾಲಾ ಗ್ರಂಥವನ್ನು ಮೂರೇ ದಿನಗಳಲ್ಲಿ ರಚಿಸಿದರು. 1887ರಲ್ಲಿ ಮುಂಬಯಿಯ ಸಭೆಯಲ್ಲಿ ಶತಾವಧಾನ ಮಾಡಿ ತೋರಿಸಿದಾಗ ಪತ್ರಿಕೆಗಳು ಕೊಂಡಾಡಿದವು. ಆತ್ಮಸಾಧನೆಗೆ ಅಡ್ಡಿಯೆಂದು ಅದನ್ನು ಅವರು ಬೇಗನೆ ಬಿಟ್ಟುಬಿಟ್ಟರು. 1888ರಲ್ಲಿ ಝಬಕಬಾಯಿಯವರೊಡನೆ ವಿವಾಹವಾಯಿತು. ನಂತರ ಮುಂಬಯಿಯಲ್ಲಿ ಮುತ್ತು, ವಜ್ರಗಳ ವ್ಯಾಪಾರ.

ಆ ವ್ಯಾಪಾರದ ಕಾಲದ ಒಂದು ಪ್ರಸಂಗ ಅವರ ಎಲ್ಲ ಜೀವನಚರಿತ್ರೆಗಳಲ್ಲೂ ಬರುತ್ತದೆ. ಒಬ್ಬ ವರ್ತಕ ಗೊತ್ತಾದ ಬೆಲೆಗೆ ರತ್ನಗಳನ್ನು ಒಪ್ಪಿಸುವುದಾಗಿ ಕರಾರು ಬರೆದುಕೊಟ್ಟಿದ್ದ. ಅಷ್ಟರಲ್ಲಿ ಪೇಟೆಯ ಧಾರಣೆ ಏರಿತು. ಕರಾರಿನಂತೆ ನಡೆದರೆ ಆತ ಮನೆ ಮಠ ಮಾರಬೇಕಾಗುತ್ತಿತ್ತು. ಸಾಲದ ಚಿಂತೆಯಲ್ಲಿದ್ದ ಅವನ ಬಳಿಗೆ ರಾಜಚಂದ್ರರೇ ಹೋಗಿ, ಆ ಕಾಗದವನ್ನು ಕೇಳಿ ಪಡೆದು ಹರಿದುಹಾಕಿದರು. ಕಾನೂನು ಅವರ ಪರವಾಗಿಯೇ ಇತ್ತು, ಲಾಭ ತೆಗೆದುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಾಗಾದರೆ ಆ ಕಾಗದವನ್ನು ಹರಿಯಬೇಕೆಂದು ಅವರಿಗೆ ಹೇಳಿದವರು ಯಾರು?

ಇದೇ ಬಗೆಯ ಪ್ರಶ್ನೆ ಇನ್ನೊಬ್ಬರನ್ನೂ ಕಾಡುತ್ತಿತ್ತು. 1891ರಲ್ಲಿ ಇಂಗ್ಲೆಂಡಿನಿಂದ ಮರಳಿದ ಗಾಂಧೀಜಿ ಮುಂಬಯಿಯಲ್ಲಿ ಡಾ. ಪ್ರಾಣಜೀವನ ಮೆಹತಾ ಅವರ ಮನೆಯಲ್ಲಿ ರಾಜಚಂದ್ರರನ್ನು ಮೊದಲ ಬಾರಿ ಕಂಡರು. ಲಕ್ಷಾಂತರ ರೂಪಾಯಿಯ ವ್ಯವಹಾರ ಮುಗಿದ ಮರುಕ್ಷಣವೇ ಅವರು ಧರ್ಮಗ್ರಂಥವನ್ನೋ ತಮ್ಮ ದಿನಚರಿಯನ್ನೋ ಬಿಚ್ಚುತ್ತಿದ್ದುದನ್ನು ನೋಡಿ ಬೆರಗಾದರು. ಮುಂದೆ ದಕ್ಷಿಣ ಆಫ್ರಿಕಾದಲ್ಲಿ ಕ್ರೈಸ್ತ ಮಿತ್ರರು ತಮ್ಮ ಧರ್ಮಕ್ಕೆ ಬರುವಂತೆ ಒತ್ತಾಯಿಸಿದಾಗ, ಗಾಂಧೀಜಿ ಇಪ್ಪತ್ತೇಳು ಪ್ರಶ್ನೆಗಳನ್ನು ಬರೆದು ಕಳುಹಿಸಿದರು. 1894ರ ಅಕ್ಟೋಬರಿನಲ್ಲಿ ಉತ್ತರ ಹೊರಟಿತು.

ಈಶ್ವರನು ಜಗತ್ಕರ್ತನೇ ಎಂಬ ಪ್ರಶ್ನೆಗೆ ಅವರದು ನೇರವಾದ ನಿರಾಕರಣೆ. ಕರ್ಮಮುಕ್ತವಾದ ಆತ್ಮದ ಶುದ್ಧ ಸ್ವರೂಪವೇ ಈಶ್ವರತ್ವ. ಜಗತ್ತಿನ ಅನೀತಿ ಎಂದಾದರೂ ಸುನೀತಿಯಾಗುವುದೇ ಎಂದೂ ಗಾಂಧೀಜಿ ಕೇಳಿದ್ದರು. ನೀತಿ ಅನೀತಿಗಳೆರಡೂ ಅನಾದಿ, ಲೋಕದ ಎಲ್ಲ ಜೀವಿಗಳಿಂದಲೂ ಅನೀತಿ ಪೂರ್ತಿ ಅಳಿಯುವುದೆಂದು ಹೇಳಲಾಗದು ಎಂದು ರಾಜಚಂದ್ರರು ತಿಳಿಸಿದರು. ಆದರೂ ಅನೀತಿಯನ್ನು ಬಿಟ್ಟು ನೀತಿಯನ್ನು ಹಿಡಿಯುವುದು ಪ್ರತಿಯೊಬ್ಬನ ಕೈಯಲ್ಲಿದೆ, ಅದೇ ಆತ್ಮದ ಕರ್ತವ್ಯ. ಲೋಕ ಹೀಗೆಯೇ ಇರುತ್ತದೆಂಬ ಮಾತನ್ನು ಅನೀತಿಗೆ ನೆಪ ಮಾಡಿಕೊಳ್ಳಬಾರದೆಂದು ಎಚ್ಚರಿಸಿದರು.

ಕೊನೆಯ ಪ್ರಶ್ನೆ ಹಾವಿನದು. ಕಚ್ಚಲು ಬಂದರೆ ಕಚ್ಚಿಸಿಕೊಳ್ಳಬೇಕೇ, ಕೊಲ್ಲಬೇಕೇ? ಹಾವಿನಿಂದಾದ ಸಾವನ್ನು ಎಳವೆಯಲ್ಲೇ ಕಂಡಿದ್ದ ರಾಜಚಂದ್ರರು ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಚ್ಚಿಸಿಕೊಳ್ಳಿರೆಂದು ಹೇಳಲು ತಮಗೆ ಸಂಕೋಚವೆಂದರು. ಆದರೆ ದೇಹ ಅನಿತ್ಯವೆಂದು ತಿಳಿದವನು, ತನ್ನ ದೇಹದ ಮೇಲೆ ಅಷ್ಟೇ ಪ್ರೀತಿಯಿರುವ ಆ ಜೀವವನ್ನು ಹೇಗೆ ಕೊಂದಾನು ಎಂದು ಕೇಳಿದರು. ಕೊಲ್ಲೆಂದು ಸಲಹೆ ಕೊಡಲು ಅವರ ಮನಸ್ಸು ಒಪ್ಪಲಿಲ್ಲ.

ಎರಡು ವರ್ಷಗಳ ಬಳಿಕ, 1896ರಲ್ಲಿ, ಸಾಯಲಾದ ಸೌಭಾಗ್ಯಭಾಯಿಯವರ ಕೋರಿಕೆಯಂತೆ ನಡಿಯಾದಿನಲ್ಲಿ 142 ಪದ್ಯಗಳ ಆತ್ಮಸಿದ್ಧಿ ಶಾಸ್ತ್ರವನ್ನು ಒಂದೇ ಕೂರಿಕೆಯಲ್ಲಿ ಬರೆದರು. ಅಂಬಾಲಾಲರು ಪಕ್ಕದಲ್ಲಿ ಕಂದೀಲು ಹಿಡಿದು ನಿಂತಿದ್ದರು. ಅದರಲ್ಲಿ ಶಿಷ್ಯನಿಗೆ ಒಂದು ಸಂಶಯ: ಜಡವಾದ ಕರ್ಮಕ್ಕೆ ಏನು ತಿಳಿಯುತ್ತದೆ, ಫಲ ಕೊಡಲು ಈಶ್ವರ ಬೇಡವೇ? ವಿಷಕ್ಕೂ ಅಮೃತಕ್ಕೂ ತಿಳಿವಳಿಕೆಯಿಲ್ಲ, ಆದರೂ ಸೇವಿಸಿದವನಿಗೆ ಅವುಗಳ ಫಲ ತಪ್ಪುವುದಿಲ್ಲ ಎಂಬುದು ಗುರುವಿನ ಸಮಾಧಾನ. ದಂಡಿಸುವವನ ಭಯದ ಮೇಲೆ ನೀತಿಯನ್ನು ಕಟ್ಟದ ನಮ್ಮ ಸಿದ್ಧಾಂತವನ್ನು ಇಷ್ಟು ಸರಳವಾಗಿ ತಿಳಿಸಿದ ಹೋಲಿಕೆ ಅಪರೂಪ.

ಶ್ವೇತಾಂಬರ, ದಿಗಂಬರ ಎಂಬ ಭೇದ ಅವರ ಓದಿನಲ್ಲಿರಲಿಲ್ಲ. ಕುಂದಕುಂದಾಚಾರ್ಯರ ಗ್ರಂಥಗಳು ಅವರಿಗೆ ಪ್ರಿಯವಾಗಿದ್ದವು. ಈಡರ್ ಬೆಟ್ಟದಲ್ಲಿ ಮುನಿಗಳಿಗೆ ನೇಮಿಚಂದ್ರಾಚಾರ್ಯರ ದ್ರವ್ಯಸಂಗ್ರಹವನ್ನು ವಿವರಿಸಿದರು. ಶಾಸ್ತ್ರಗಳ ಪ್ರಕಟಣೆಗಾಗಿ ಪರಮಶ್ರುತ ಪ್ರಭಾವಕ ಮಂಡಲವನ್ನು ಸ್ಥಾಪಿಸಿದರು. ಸಂಸಾರ ತೊರೆದು ಮುನಿದೀಕ್ಷೆ ಪಡೆಯುವ ಹಂಬಲವಿದ್ದರೂ ದೇಹ ಕೃಶವಾಗುತ್ತ ಬಂತು. 1901ರ ಏಪ್ರಿಲ್ 9ರಂದು ರಾಜಕೋಟದಲ್ಲಿ, ಮೂವತ್ಮೂರನೆಯ ವಯಸ್ಸಿನಲ್ಲಿ, ಅವರು ದೇಹತ್ಯಾಗ ಮಾಡಿದರು.

ಕರ್ನಾಟಕದಲ್ಲಿ ಅವರ ಹೆಸರಿನ ಆಶ್ರಮ ಹಂಪಿಯಲ್ಲಿ, ತುಂಗಭದ್ರೆಯ ಬಳಿಯ ರತ್ನಕೂಟದ ಬಂಡೆಗಳ ನಡುವೆ ಇದೆ. ಅದನ್ನು ಸ್ಥಾಪಿಸಿದವರು ಸಹಜಾನಂದಘನಜಿ ಮಹಾರಾಜರು.