ಎಲಿಯಟ್ ಸಾಹೇಬನ ಇಲಿಗಳು

1824ರಲ್ಲಿ ಕಿತ್ತೂರಿನ ಯುದ್ಧದಲ್ಲಿ ಚೆನ್ನಮ್ಮ ರಾಣಿಯ ಕಡೆಯವರು ಸೆರೆಹಿಡಿದ ಇಬ್ಬರು ಕಂಪನಿ ಅಧಿಕಾರಿಗಳು ನಮಗೆ ಗೊತ್ತು. ಅವರಲ್ಲಿ ಒಬ್ಬ, 21 ವರ್ಷದ ವಾಲ್ಟರ್ ಎಲಿಯಟ್, ಬಿಡುಗಡೆಯಾದ ಮೇಲೆ ಏನು ಮಾಡಿದ? ಇಲ್ಲೇ ಉಳಿದು ಇಲಿ, ಅಳಿಲು, ಬಾವಲಿಗಳ ಮೈ-ಬಾಲ ಅಳೆದ!

ನಮ್ಮ ಶೇಡಬಾಳ, ಅಥಣಿಯಿಂದ ಧಾರವಾಡದವರೆಗಿನ ಭಾಗಕ್ಕೆ ಆಗ ದಕ್ಷಿಣ ಮರಾಠಾ ಸೀಮೆ ಅಂತಿದ್ದರು. ಎರೆಹೊಲದ ಬಿರುಕುಗಳಲ್ಲಿ ಬದುಕುವ ಒಂದು ಇಲಿ ಪ್ರತಿ ವರ್ಷ ಮೊದಲ ಮಳೆಗೆ ಬಿರುಕು ಮುಚ್ಚಿ ರಾಶಿಗಟ್ಟಲೆ ಸಾಯುತ್ತಿತ್ತು. 1826ರಲ್ಲಿ ಮುಂಗಾರು ಕೈಕೊಟ್ಟಿತು, ಇಲಿ ಉಳೀತು. ಬಿತ್ತಿದ ಬೀಜ ತಿಂದು, ಆಮೇಲೆ ಜೋಳದ ದಂಟು ಹತ್ತಿ ತೆನೆ ಕಡಿದವು. ರೈತರಿಗೆ ಕಂದಾಯ ಕಟ್ಟೋಕೂ ಆಗಲಿಲ್ಲ. ಡಜನ್ ಲೆಕ್ಕದಲ್ಲಿ ಕಾಳು ಕೊಟ್ಟು ವಡ್ಡರಿಂದ ಸಾವಿರಾರು ಕೊಲ್ಲಿಸಿದರೂ ಕಡಿಮೆ ಆಗಲಿಲ್ಲ. ಎಲಿಯಟ್ ಇದನ್ನೆಲ್ಲ ಬರೆದಿಟ್ಟ.

ಆತನ ಮಾದರಿಗಳು ಲಂಡನ್ ಸೇರಿದವು. 1837ರಲ್ಲಿ ಗ್ರೇ ಎಂಬ ವಿಜ್ಞಾನಿ ಹೆಸರಿಟ್ಟ: ವಡ್ಡರ 'ಮೆಟ್ಟಾಡ' ಮೆಲ್ಟಡಾ ಆಯ್ತು, ಕನ್ನಡದ 'ಗುಲಂದಿ' ಗೊಲುಂಡಾ ಎಲಿಯೋಟಿ ಆಯ್ತು. ಸಾಹೇಬನ ಹೆಸರಿಗಿಂತ ನಮ್ಮ ಮಾತು ಅಲ್ಲಿ ಮೊದಲು ಬಂದಿದೆ, ನೋಡಿ.

1839ರಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿ ಮದ್ರಾಸಿನಲ್ಲಿ ಅಚ್ಚಾಯ್ತು. ಕೊನೆಗಾಲದಲ್ಲಿ ಪೂರ್ತಿ ಕಣ್ಣು ಕಳೆದುಕೊಂಡ ಎಲಿಯಟ್ 1887ರಲ್ಲಿ ಸ್ಕಾಟ್ಲೆಂಡಿನ ತನ್ನ ಮನೆಯಲ್ಲಿ ತೀರಿಕೊಂಡ.