ಚಂದ್ರನ ನೆಲದಲ್ಲಿ ವಿಕ್ರಮ್ ಸಾರಾಭಾಯಿ ಹೆಸರು

ಎರಡನೇ ಮಹಾಯುದ್ಧದ ಕಾರಣ ಕೇಂಬ್ರಿಜ್‌ನಿಂದ ಸ್ವದೇಶಕ್ಕೆ ಮರಳಿದ ಅಹಮದಾಬಾದಿನ ಯುವಕ ವಿಕ್ರಮ್ ಸಾರಾಭಾಯಿ, ಸಂಶೋಧನೆ ಮುಂದುವರಿಸಲು ಆರಿಸಿಕೊಂಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಬಾಹ್ಯಾಕಾಶದಿಂದ ಭೂಮಿಗೆ ಬರುವ ವಿಶ್ವಕಿರಣಗಳ ಅಧ್ಯಯನ ಕೈಗೊಂಡರು. ಕೈಗೆಟುಕದ ಲೋಕವನ್ನು ಉಪಕರಣಗಳ ಮೂಲಕ ಅರಿಯುವ ಕೆಲಸವೇ ಅವರ ಬದುಕಿನ ದಾರಿಯಾಯಿತು.

1919ರ ಆಗಸ್ಟ್ 12ರಂದು ಸಿರಿವಂತ ಗಿರಣಿ ಮಾಲೀಕರ ಮನೆಯಲ್ಲಿ ಜನಿಸಿದ ಅವರು, 1947ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಅದೇ ವರ್ಷ ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಸ್ಥಾಪಿಸಿದರು. 1963ರ ನವೆಂಬರ್ 21ರಂದು ಕೇರಳದ ತುಂಬಾದಿಂದ ದೇಶದ ಮೊದಲ ಸಂಶೋಧನಾ ರಾಕೆಟ್ ಹಾರಿತು. ಬಡ ರಾಷ್ಟ್ರಕ್ಕೆ ಇದೆಲ್ಲ ಏಕೆಂಬ ಟೀಕೆ ಎದುರಾದಾಗ, ಹವಾಮಾನ, ಸಂಪರ್ಕ, ಶಿಕ್ಷಣಗಳಿಗೆ ಬಾಹ್ಯಾಕಾಶ ತಂತ್ರಜ್ಞಾನ ಅನಿವಾರ್ಯವೆಂದು ಅವರು ಪ್ರತಿಪಾದಿಸಿದರು. 1969ರಲ್ಲಿ ಇಸ್ರೊ ಉದಯಿಸಿತು.

ಆದರೆ ಫಲ ಕಾಣುವ ಮೊದಲೇ, 1971ರ ಡಿಸೆಂಬರ್ 30ರಂದು ಕೋವಳಂನಲ್ಲಿ ಅವರು ಹಠಾತ್ತನೆ ನಿಧನರಾದರು. ಆಗ ವಯಸ್ಸು ಕೇವಲ 52. ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಬೆಂಗಳೂರಿನ ಪೀಣ್ಯದಲ್ಲಿ ಅವರ ಶಿಷ್ಯ, ಉಡುಪಿ ಮೂಲದ ಯು.ಆರ್. ರಾವ್ ಅವರ ನೇತೃತ್ವದ ತಂಡ ನಿರ್ಮಿಸಿತು. ಅದು 1975ರಲ್ಲಿ ಕಕ್ಷೆ ಸೇರಿತು.

ಮರಣಾನಂತರ ಚಂದ್ರನ ಮೇಲಿನ ಕುಳಿಯೊಂದಕ್ಕೆ ಸಾರಾಭಾಯಿ ಹೆಸರಿಡಲಾಯಿತು. 2019ರಲ್ಲಿ ಚಂದ್ರನ ಕಕ್ಷೆ ಸೇರಿದ ಚಂದ್ರಯಾನ-2ರ ಕ್ಯಾಮೆರಾ ಈ ಕುಳಿಯ ಚಿತ್ರ ತೆಗೆಯಿತು. ಒಂದೇ ನೆಲವನ್ನು ಮೂರು ಕೋನಗಳಿಂದ ಸೆರೆಹಿಡಿದು ಎತ್ತರ–ತಗ್ಗು ಲೆಕ್ಕ ಹಾಕುವ ಕ್ಯಾಮೆರಾ ಅದು. ಕುಳಿಯ ಆಳ ಸುಮಾರು 1.7 ಕಿ.ಮೀ ಎಂದು 2020ರಲ್ಲಿ ಪ್ರಕಟವಾಯಿತು.

ಅದೇ ಯಾನದಲ್ಲಿ ತೆರಳಿದ್ದ, ಅವರದೇ ಹೆಸರಿನ ವಿಕ್ರಮ್ ಲ್ಯಾಂಡರ್ 2019ರ ಸೆಪ್ಟೆಂಬರ್ 7ರಂದು ಚಂದ್ರನಿಗೆ ಅಪ್ಪಳಿಸಿ ನಾಶವಾಗಿತ್ತು. ಹೆಸರನ್ನು ಬದಲಿಸದೆ ಮತ್ತೊಂದು ಲ್ಯಾಂಡರ್ ಕಳುಹಿಸಲಾಯಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಸುರಕ್ಷಿತವಾಗಿ ಇಳಿಯಿತು. ಮಣ್ಣಿಗೆ ಚುಚ್ಚಿದ ಅದರ ಉಷ್ಣಮಾಪಕವು, ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್ ಮೀರಿದ್ದ ಉಷ್ಣಾಂಶ ಕೇವಲ 8 ಸೆಂ.ಮೀ ಆಳದಲ್ಲಿ ಶೂನ್ಯಕ್ಕಿಂತ ಕೆಳಗಿರುವುದನ್ನು ದಾಖಲಿಸಿತು. ಪ್ರಜ್ಞಾನ್ ರೋವರ್ ಗಂಧಕವನ್ನು ಪತ್ತೆಹಚ್ಚಿತು.

ರೋವರ್‌ನಲ್ಲಿದ್ದ ಎರಡು ಉಪಕರಣಗಳ ಪೈಕಿ ಒಂದು ಸಾರಾಭಾಯಿ ಸಂಶೋಧನೆ ಆರಂಭಿಸಿದ ಬೆಂಗಳೂರಿನಲ್ಲಿ ಸಿದ್ಧವಾಗಿತ್ತು. ಇನ್ನೊಂದನ್ನು ನಿರ್ಮಿಸಿದ್ದು, 1947ರಲ್ಲಿ ಅವರು ಕಟ್ಟಿದ ಅದೇ ಪ್ರಯೋಗಾಲಯ.